ಫ್ರಂಟ್ ಪ್ಯಾನೆಲ್ ಸ್ಟಿಕರ್: ಡೈಗೆ ಹೋಗುವ ಮುನ್ನ ಫೈಲ್ ಹೀಗಿರಲಿ

ಪಂಪ್ ಸ್ಟಾರ್ಟರ್ ಇರಲಿ, ವೋಲ್ಟೇಜ್ ಸ್ಟೆಬಿಲೈಸರ್ ಇರಲಿ, ಬ್ಯಾಟರಿ ಚಾರ್ಜರ್ ಇರಲಿ, ಕೊಂಡವರು ಒಳಗಿನ ಸರ್ಕ್ಯೂಟ್ ಬೋರ್ಡನ್ನು ಬಿಚ್ಚಿ ನೋಡುವುದಿಲ್ಲ. ಅವರ ಕಣ್ಣಿಗೆ ಬೀಳುವುದೂ ಬೆರಳಿಗೆ ತಾಗುವುದೂ ಮುಂಭಾಗದ ಸ್ಟಿಕರ್. ಬೋರ್ಡಿಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ತಯಾರಕರೇ ಸ್ಟಿಕರಿನ ವಿಷಯ ಬಂದಾಗ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿ, ‘ಹೀಗೇ ಮಾಡಿಕೊಡಿ’ ಎಂದು ಸುಮ್ಮನಾಗುತ್ತಾರೆ. ಆಮೇಲೆ ಎಲ್‌ಇಡಿ ತೂತಿನಿಂದ ಪಕ್ಕಕ್ಕೆ ಸರಿಯಿತು, ಬಣ್ಣ ಮಂಕಾಯಿತು, ‘ಸ್ಟಾರ್ಟ್’ ಎಂದಿರಬೇಕಾದ ಕಡೆ ‘ಸ್‌ಟಾರ್‌ಟ್’ ಎಂದು ಬಂತು ಎಂದು ಪೇಚಾಡುತ್ತಾರೆ.

ನಾನಿರುವ ಪೀತಮ್‌ಪುರ ವಾಯವ್ಯ ದೆಹಲಿಯ ಬಡಾವಣೆ. ಒಂದು ಕಡೆ ವಜೀರ್‌ಪುರ, ಇನ್ನೊಂದು ಕಡೆ ಲಾರೆನ್ಸ್ ರೋಡ್ ಕೈಗಾರಿಕಾ ಪ್ರದೇಶ. ಉತ್ತರಕ್ಕೆ ಹೋದರೆ ಬಾದ್ಲಿ, ಅದರಾಚೆ ಬವಾನಾ. ಬಿಡಿಭಾಗ ಬೇಕೆಂದರೆ ಕೆಂಪು ಕೋಟೆಯ ಎದುರಿನ ಲಾಜಪತ್ ರಾಯ್ ಮಾರ್ಕೆಟ್ಟಿಗೆ ಮೆಟ್ರೋ ಹಿಡಿದರಾಯಿತು. ಈ ಸುತ್ತಿನಲ್ಲಿ ತಯಾರಾಗಿ ಕರ್ನಾಟಕಕ್ಕೆ ಹೋಗುವ ಪೆಟ್ಟಿಗೆಗಳಿಗೆ ಕನ್ನಡದ ಪ್ಯಾನೆಲ್ ಬೇಕಾದಾಗ ಆರ್ಟ್‌ವರ್ಕ್ ನನ್ನ ಬಳಿ ಬರುತ್ತದೆ. ಇಲ್ಲಿನ ಮುದ್ರಕರು ಕೆಲಸದಲ್ಲಿ ಪಳಗಿದವರು. ಆದರೆ ಕನ್ನಡ ಓದಲಾರರು. ಬೆಂಗಳೂರಿನ ಪೀಣ್ಯದಲ್ಲೋ ಎಸ್‌.ಪಿ. ರೋಡಿನಲ್ಲೋ ಆದರೆ ಮುದ್ರಣದ ಹುಡುಗನೇ ‘ಸಾರ್, ಇಲ್ಲಿ ದೀರ್ಘ ಬಿಟ್ಟುಹೋಗಿದೆ’ ಎಂದಾನು. ಇಲ್ಲಿ ಆ ಆಸರೆ ಇಲ್ಲ. ಹಾಗಾಗಿ ಯಾರೂ ಏನನ್ನೂ ಊಹಿಸಬೇಕಾಗದಂತೆ, ಫೋನ್ ಮಾಡಿ ಕೇಳಬೇಕಾಗದಂತೆ ಫೈಲ್ ತಯಾರಿಸುವುದನ್ನು ಕಲಿಯಲೇಬೇಕು. ಬೆಂಗಳೂರಿನಲ್ಲೇ ಮುದ್ರಿಸುವವರಿಗೂ ಇದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆರ್ಡರ್ ತೆಗೆದುಕೊಂಡವರು ಒಬ್ಬರು, ಫಿಲ್ಮ್ ತೆಗೆಯುವವರು ಇನ್ನೊಬ್ಬರು, ಹಾಳೆ ಕತ್ತರಿಸುವ ಡೈ ಹೊಡೆಯುವವರು ಮತ್ತೊಬ್ಬರು ಎಂಬ ವ್ಯವಸ್ಥೆ ಎಲ್ಲ ಊರಿನಲ್ಲೂ ಇದೆ. ನೀವು ಬಾಯಲ್ಲಿ ಹೇಳಿದ್ದು ಮೊದಲನೆಯವರನ್ನು ದಾಟಿ ಮುಂದೆ ಹೋಗುವುದಿಲ್ಲ. ಫೈಲ್ ಮಾತ್ರ ಮೂವರ ಕೈಗೂ ಹೋಗುತ್ತದೆ.

ವಿವರಿಸಲು ಅನುಕೂಲವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ: ಹೊಲದ ಪಂಪಿನ ತ್ರೀ ಫೇಸ್ ಸ್ಟಾರ್ಟರ್. ಸ್ಟಿಕರಿನ ಅಳತೆ 160×110 ಮಿ.ಮೀ. ಅದರಲ್ಲಿ ಆರ್, ವೈ, ಬಿ ಫೇಸುಗಳಿಗೆ ಮೂರು ಎಲ್‌ಇಡಿ, ಅಂಕೆ ತೋರಿಸುವ ಒಂದು ಡಿಸ್‌ಪ್ಲೇ, ನಾಲ್ಕು ಒತ್ತು ಬಟನ್, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರಹ.

ಚಿತ್ರ ಬರೆಯುವ ಮೊದಲು

ಕಂಪ್ಯೂಟರಿನ ಮುಂದೆ ಕೂರುವ ಮೊದಲೇ ಹಾಳೆ ಯಾವುದೆಂದು ತೀರ್ಮಾನವಾಗಬೇಕು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಓಡುವುದು ಪಾಲಿಕಾರ್ಬೊನೇಟ್. ಅಂಗಡಿಯಲ್ಲಿ ‘ಪಿಸಿ ಸ್ಟಿಕರ್’ ಎಂದರೆ ಅದೇ. ಕತ್ತರಿಸಲು ಸುಲಭ, ಮುದ್ರಣ ಚೆನ್ನಾಗಿ ಕೂರುತ್ತದೆ. ಆದರೆ ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿದರೆ ಕಾಲಕ್ರಮೇಣ ಬಿರುಕು ಬಿಡುತ್ತದೆ. ಬಟನ್ನಿನ ಮೇಲೆ ನೇರವಾಗಿ ಕೂರುವ ಸ್ಟಿಕರಿಗೆ ಪಾಲಿಯೆಸ್ಟರ್ ಒಳ್ಳೆಯದು. ಎಷ್ಟೋ ಪಟ್ಟು ಹೆಚ್ಚು ಒತ್ತುಗಳನ್ನು ತಾಳುತ್ತದೆ, ಎಣ್ಣೆ, ಗ್ರೀಸಿಗೂ ಜಗ್ಗುವುದಿಲ್ಲ. ಬಿಸಿಲಿಗೆ ಮೈಯೊಡ್ಡುವ ಪೆಟ್ಟಿಗೆಯಾದರೆ ಎರಡರಲ್ಲೂ ನೇರಳಾತೀತ ಕಿರಣ ತಡೆಯುವ ಲೇಪನವಿರುವ ಹಾಳೆಯನ್ನೇ ಕೇಳಿ. ಸಾದಾ ಹಾಳೆ ಹಳದಿಗಟ್ಟುತ್ತದೆ.

ಹಾಳೆ ಗೊತ್ತಾದರೆ ಮುದ್ರಣದ ಕ್ರಮವೂ ಗೊತ್ತಾದಂತೆ. ಒಳ್ಳೆಯ ಪ್ಯಾನೆಲ್‌ಗಳಲ್ಲಿ ಶಾಯಿ ಮೇಲ್ಮೈಯಲ್ಲಿ ಇರುವುದಿಲ್ಲ. ಪಾರದರ್ಶಕ ಹಾಳೆಯ ಹಿಂಬದಿಗೆ ಉಲ್ಟಾ ಮುದ್ರಿಸಿ, ಅದರ ಮೇಲೆ ಅಂಟು ಹಾಳೆ ಹಾಕುತ್ತಾರೆ. ಬೆರಳು, ಮಣ್ಣು, ಒರೆಸುವ ಬಟ್ಟೆ ಎಲ್ಲವೂ ಪ್ಲಾಸ್ಟಿಕ್ಕನ್ನೇ ಸವೆಸುತ್ತವೆ, ಅಕ್ಷರವನ್ನು ಮುಟ್ಟುವುದಿಲ್ಲ. ಐಇಸಿ 62368-1 ಎಂಬ ಸುರಕ್ಷತಾ ಮಾನದಂಡದಲ್ಲಿ, ಎಚ್ಚರಿಕೆಯ ಬರಹವನ್ನು ನೀರಿನಲ್ಲಿ ತೊಯ್ದ ಬಟ್ಟೆಯಿಂದ 15 ಸೆಕೆಂಡ್, ಪೆಟ್ರೋಲಿಯಂ ಸ್ಪಿರಿಟ್ಟಿನಲ್ಲಿ ತೊಯ್ದ ಬಟ್ಟೆಯಿಂದ 15 ಸೆಕೆಂಡ್ ಉಜ್ಜಿದ ಮೇಲೂ ಅದು ಓದುವಂತಿರಬೇಕು ಎಂದಿದೆ. ಹಿಂಬದಿ ಮುದ್ರಣಕ್ಕೆ ಈ ಪರೀಕ್ಷೆ ಲೆಕ್ಕಕ್ಕೇ ಇಲ್ಲ. ಮೇಲ್ಮೈಯಲ್ಲಿ ಮುದ್ರಿಸಿದ ಅಗ್ಗದ ವಿನೈಲ್ ಸ್ಟಿಕರ್ ಅಲ್ಲಿ ಹಲವು ಸಲ ಸೋಲುತ್ತದೆ.

ಸಂಖ್ಯೆ ಕಡಿಮೆಯಿದ್ದರೆ ಡಿಜಿಟಲ್ ಯುವಿ ಮುದ್ರಣ ಸಾಕು. ಅಲ್ಲಿ ಎಷ್ಟು ಬಣ್ಣವಾದರೂ ಖರ್ಚು ಹೆಚ್ಚುಕಡಿಮೆ ಒಂದೇ. ನೂರಾರು ತುಂಡು ಬೇಕಾದರೆ ಸ್ಕ್ರೀನ್ ಪ್ರಿಂಟಿಂಗ್. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದು ಪಾಸಿಟಿವ್ ಫಿಲ್ಮ್, ಒಂದು ಸ್ಕ್ರೀನ್, ಒಂದು ಸುತ್ತಿನ ಕೆಲಸ. ಐದು ಬಣ್ಣದ ವಿನ್ಯಾಸವನ್ನು ಮೂರಕ್ಕೆ ಇಳಿಸಿದರೆ ದರ ಎದ್ದು ಕಾಣುವಷ್ಟು ಇಳಿಯುತ್ತದೆ, ನೋಡಲೂ ಅಚ್ಚುಕಟ್ಟಾಗುತ್ತದೆ. ಬಣ್ಣಬಣ್ಣದ ಛಾಯೆ, ನೆರಳು, ಹೊಳಪು ಎಲ್ಲ ಪರದೆಯ ಮೇಲಷ್ಟೇ ಚೆಂದ. ಪಂಪ್‌ಹೌಸಿನ ಮಬ್ಬು ಬೆಳಕಿನಲ್ಲಿ ಕೆಲಸಕ್ಕೆ ಬರುವುದು ದಟ್ಟ ಹಿನ್ನೆಲೆ, ಬಿಳಿ ಅಕ್ಷರ.

ತೂತು, ಅಂಚು, ಕಿಟಕಿ

ಅಳತೆಯನ್ನು ಪೆಟ್ಟಿಗೆಯ ಅಂಚಿನಿಂದ ತೆಗೆಯುವ ರೂಢಿ ಹಲವರಿಗಿದೆ. ಅದನ್ನು ಬಿಡುವುದು ಒಳ್ಳೆಯದು. ತಗಡಿನ ಅಂಚು ಬೆಂಡಿಂಗ್‌ನಲ್ಲಿ ಅರ್ಧ ಮಿ.ಮೀ. ಆಚೀಚೆ ಆಗುತ್ತದೆ, ತೂತಿನಿಂದ ತೂತಿಗೆ ಇರುವ ದೂರ ಅಷ್ಟು ಬದಲಾಗುವುದಿಲ್ಲ. ಒಂದು ತೂತಿನ ನಡುಬಿಂದುವನ್ನು ಸೊನ್ನೆ ಎಂದು ಹಿಡಿದು ಉಳಿದೆಲ್ಲವನ್ನೂ ಅಲ್ಲಿಂದಲೇ ಅಳೆದು ಗುರುತಿಸಿ. ಮೆಕ್ಯಾನಿಕಲ್ ಡ್ರಾಯಿಂಗ್ ಮಾಡಿದವರಿಂದ ಡಿಎಕ್ಸ್‌ಎಫ್ ಫೈಲ್ ಸಿಕ್ಕರೆ ಅದನ್ನೇ ಬುಡಕ್ಕೆ ಇಟ್ಟುಕೊಳ್ಳಬೇಕು. ಫೋಟೋ ನೋಡಿ ಅಂದಾಜಿನಲ್ಲಿ ತೂತು ಬರೆಯುವುದು ದುಡ್ಡು ಕಳೆದುಕೊಳ್ಳುವ ದಾರಿ.

ಸ್ಟಿಕರಿನ ತೂತು ತಗಡಿನ ತೂತಿಗಿಂತ ತುಸು ದೊಡ್ಡದಿರಲಿ. ವ್ಯಾಸದಲ್ಲಿ ಅರ್ಧ ಮಿ.ಮೀ. ಹೆಚ್ಚಿದ್ದರೆ ಸಾಕು. ಇಲ್ಲವಾದರೆ ಅಂಟಿಸುವಾಗ ಕೂದಲೆಳೆಯಷ್ಟು ಸರಿದರೂ ಹಾಳೆಯ ಅಂಚು ತೂತಿನೊಳಗೆ ಇಣುಕುತ್ತದೆ, ನಟ್ಟು ತಿರುಗಿಸುವಾಗ ಅದನ್ನು ಸಿಕ್ಕಿಸಿ ಹರಿಯುತ್ತದೆ. ಸ್ಟಿಕರ್ ತಗ್ಗಿನಲ್ಲಿ ಕೂರುವುದಾದರೆ ನಾಲ್ಕೂ ಬದಿಯಲ್ಲಿ ಕಾಲು ಮಿ.ಮೀ.ನಿಂದ ಅರ್ಧ ಮಿ.ಮೀ. ಚಿಕ್ಕದು ಮಾಡಿ. ಮೂಲೆಗಳನ್ನು ಎಂದೂ ಚೂಪಾಗಿ ಬಿಡಬೇಡಿ. ಕಿತ್ತುಹೋಗುವುದು ಅಲ್ಲಿಂದಲೇ ಶುರುವಾಗುತ್ತದೆ. ಪೌಡರ್ ಕೋಟಿಂಗ್ ಆದ ಮೇಲೆ ತಗಡಿನ ತೂತು ಸ್ವಲ್ಪ ಕಿರಿದಾಗುವುದೂ ನೆನಪಿರಲಿ: ಲೇಪನದ ದಪ್ಪ 60–80 ಮೈಕ್ರಾನ್ ಎಂದರೂ ಎರಡೂ ಬದಿ ಸೇರಿ ವ್ಯಾಸ ಸುಮಾರು 0.15 ಮಿ.ಮೀ. ತಗ್ಗುತ್ತದೆ.

ಪ್ಯಾನೆಲ್ ಮೀಟರ್ ಕೂರಿಸುವವರು ಇನ್ನೊಂದನ್ನು ಗಮನಿಸಬೇಕು. 96×96 ಮಿ.ಮೀ. ಮೀಟರಿಗೆ ತಗಡಿನಲ್ಲಿ ಕತ್ತರಿಸುವುದು 92×92. ಮೀಟರಿನ ಚೌಕಟ್ಟು ನಾಲ್ಕೂ ಕಡೆ 2 ಮಿ.ಮೀ. ಮೇಲೆ ಕೂರುತ್ತದೆ. ಕಟ್ಟಿಂಗ್ ಗೆರೆಯನ್ನಷ್ಟೇ ನೋಡಿ ಅದರ ಪಕ್ಕದಲ್ಲೇ ಬರಹ ಇಟ್ಟರೆ ಅಕ್ಷರದ ಕಾಲು ಚೌಕಟ್ಟಿನ ಕೆಳಗೆ ಸೇರಿಹೋಗುತ್ತದೆ. ನಾಬ್, ನಟ್ಟು, ವಾಷರ್‌ಗಳದ್ದೂ ಇದೇ ಕಥೆ. 22.5 ಮಿ.ಮೀ. ತೂತಿನ ಪುಶ್ ಬಟನ್ನಿಗೆ ಮುಂದೆ ಬರುವ ಬಳೆ ಅದಕ್ಕಿಂತ ಬಹಳ ಅಗಲ. ಆದ್ದರಿಂದ ಫೈಲಿನಲ್ಲಿ ಮುದ್ರಣವಾಗದ ಒಂದು ಲೇಯರ್ ಮಾಡಿ, ಪ್ರತಿ ಭಾಗದ ಹೊರ ಅಳತೆಯನ್ನೂ ಅದರಲ್ಲಿ ಬರೆದಿಡಿ. ತಿರುಗಿಸುವ ಪಾಟ್ ಇದ್ದರೆ ಅದರ ತಿರುವು ಎಷ್ಟು ಡಿಗ್ರಿ ಎಂದು ಡೇಟಾಶೀಟಿನಲ್ಲಿ ನೋಡಿ. 300 ಡಿಗ್ರಿಯಾದರೆ ಸೊನ್ನೆಯಿಂದ ಹತ್ತರವರೆಗಿನ ಗುರುತುಗಳು ತಲಾ 30 ಡಿಗ್ರಿಗೆ ಬರುತ್ತವೆ, ಕೆಳಗೆ 60 ಡಿಗ್ರಿ ಖಾಲಿ ಉಳಿಯುತ್ತದೆ.

ಡಿಸ್‌ಪ್ಲೇ ಕಿಟಕಿಗೆ ಮಾಡ್ಯೂಲಿನ ಹೊರ ಅಳತೆಯನ್ನು ಹಿಡಿಯಬೇಡಿ. ನಮ್ಮಲ್ಲಿ ಎಲ್ಲೆಡೆ ಸಿಗುವ 16×2 ಎಲ್‌ಸಿಡಿಯ ಬೋರ್ಡ್ 80×36 ಮಿ.ಮೀ. ಇದ್ದರೆ ನೋಟದ ಜಾಗ ಸಾಮಾನ್ಯವಾಗಿ ಸುಮಾರು 64.5×16 ಮಿ.ಮೀ. ಅಷ್ಟೆ. ನಮ್ಮ ಸ್ಟಾರ್ಟರಿನಲ್ಲಿ ಇರುವುದು ಕೆಂಪು ಸೆವೆನ್ ಸೆಗ್ಮೆಂಟ್. ಅದರ ಕಿಟಕಿಗೆ ಪಾರದರ್ಶಕ ಕೆಂಪು ಶಾಯಿ ಕೇಳಿದರೆ ಆರಿದ ಸೆಗ್ಮೆಂಟುಗಳು ಕಣ್ಣಿಗೆ ಕಾಣುವುದಿಲ್ಲ, ಉರಿಯುವುದು ಮಾತ್ರ ಎದ್ದು ಕಾಣುತ್ತದೆ. ಹಾಳೆ ಮ್ಯಾಟ್ ಆಗಿದ್ದರೆ ಕಿಟಕಿಯ ಜಾಗಕ್ಕೆ ಸ್ವಚ್ಛ ಲ್ಯಾಕರ್ ಬೇಕೆಂದು ಬರೆಯಿರಿ. ಕಿಟಕಿಯ ಹಿಂದೆ ಅಂಟು ಇರಬಾರದು. ಅದಕ್ಕೆ ಬೇರೆಯೇ ಗೆರೆ, ಬೇರೆಯೇ ಲೇಯರ್.

ಕಟ್ಟಿಂಗ್ ಗೆರೆ ಸಹ ಪ್ರತ್ಯೇಕ ಲೇಯರಿನಲ್ಲಿರಲಿ. ವಿನ್ಯಾಸದಲ್ಲಿ ಎಲ್ಲೂ ಬಳಸದ ಒಂದು ಬಣ್ಣವನ್ನು ಅದಕ್ಕೆ ಕೊಟ್ಟು, ‘ಕಟ್, ಮುದ್ರಿಸಬಾರದು’ ಎಂದು ಇಂಗ್ಲಿಷಿನಲ್ಲೇ ಹೆಸರಿಡಿ. ಹಿನ್ನೆಲೆ ಬಣ್ಣ ಈ ಗೆರೆಯನ್ನು ದಾಟಿ ಹೊರಗೆ 2–3 ಮಿ.ಮೀ. ಹರಿದಿರಬೇಕು, ಬರಹ ಗೆರೆಯಿಂದ ಒಳಗೆ ಕನಿಷ್ಠ 2 ಮಿ.ಮೀ. ದೂರದಲ್ಲಿರಬೇಕು. ಅಂಚಿನ ಸುತ್ತ ಸಣ್ಣದೊಂದು ಬಾರ್ಡರ್ ಗೆರೆ ಹಾಕುವ ಆಸೆ ಎಲ್ಲರಿಗೂ. ಡೈ ಕಾಲು ಮಿ.ಮೀ. ಸರಿದರೂ ಆ ಬಾರ್ಡರ್ ಒಂದು ಕಡೆ ದಪ್ಪ, ಒಂದು ಕಡೆ ಸಪೂರವಾಗಿ ಇಡೀ ಪ್ಯಾನೆಲ್ ಸೊಟ್ಟಗೆ ಕಾಣಿಸುತ್ತದೆ. ನಾನಂತೂ ಬಾರ್ಡರ್ ಬೇಡ ಎಂದೇ ಹೇಳುತ್ತೇನೆ.

ಕನ್ನಡದ ಅಕ್ಷರ, ಕನ್ನಡದ ಜೋಪಾನ

ಇಂಗ್ಲಿಷ್ ಪ್ಯಾನೆಲ್ ಮಾಡಿ ಕೈ ಪಳಗಿದವರೂ ಎಡವುವುದು ಇಲ್ಲಿ. ಮೊದಲು ಗಾತ್ರ. ‘STOP’ ಎಂಬ ಇಂಗ್ಲಿಷ್ ದೊಡ್ಡಕ್ಷರಗಳ ಎತ್ತರ 2 ಮಿ.ಮೀ. ಇದ್ದರೂ ಓದಬಹುದು. ಅದೇ ಅಂಕಣಕ್ಕೆ ಕನ್ನಡ ತುರುಕಿದರೆ ಆಗದು. ‘ಕ’ದಂಥ ಬಿಡಿ ಅಕ್ಷರದ ಎತ್ತರವೇ ಎರಡೂವರೆ ಮಿ.ಮೀ. ಇರಲಿ, ಮೇಲೆ ಗುಣಿತಕ್ಕೆ, ಕೆಳಗೆ ಒತ್ತಿಗೆ ಬೇರೆ ಜಾಗ ಬಿಡಿ. ಒಂದು ಸಾಲಿನ ಇಂಗ್ಲಿಷ್ ಕೂರುವ ಕಡೆ ಕನ್ನಡಕ್ಕೆ ಹತ್ತಿರಹತ್ತಿರ ಎರಡರಷ್ಟು ಎತ್ತರ ಬೇಕೆಂದು ಮೊದಲೇ ಲೆಕ್ಕ ಹಾಕಿದರೆ ಬಟನ್ನುಗಳ ನಡುವಿನ ಅಂತರವನ್ನೂ ಸರಿಯಾಗಿ ಇಡಬಹುದು. ಸ್ಟಿಕರ್ ಮಾಡುವ ಹೊತ್ತಿಗೆ ತಗಡು ಕೊರೆದಾಗಿದ್ದರೆ ಏನೂ ಮಾಡಲಾಗುವುದಿಲ್ಲ.

ಎರಡನೆಯದು ಶಾಯಿಯ ಹರಿವು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ, ಇವುಗಳ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಥ ಎಂಬುದು ಥ ಆಗಿ ಉಳಿಯುವುದು ಹೊಟ್ಟೆಯೊಳಗಿನ ಚುಕ್ಕಿಯಿಂದ. ದಟ್ಟ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟಾಗ ಸುತ್ತಲಿನ ಶಾಯಿ ಒಳಕ್ಕೆ ಹರಿದು ಸಪೂರ ಗೆರೆಗಳನ್ನು ನುಂಗುತ್ತದೆ. ಬಿಳಿಯ ಮೇಲೆ ಕಪ್ಪಾದರೆ ಸೀಳೇ ಮುಚ್ಚಿಹೋಗುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಯಾವ ಗೆರೆಯೂ 0.2 ಮಿ.ಮೀ.ಗಿಂತ ಸಪೂರ ಇರಬಾರದು, ಹಿನ್ನೆಲೆಯಲ್ಲಿ ಬಿಡಿಸಿದ ಅಕ್ಷರಕ್ಕೆ 0.25 ಇದ್ದರೆ ನೆಮ್ಮದಿ. ತೀರಾ ದಪ್ಪ ಅಕ್ಷರವೂ ಬೇಡ, ತೀರಾ ತೆಳುವೂ ಬೇಡ. ಮಧ್ಯಮ ತೂಕದ್ದು ಸರಿ. ಫೈಲಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿ, ಧ, ಥ, ಫ, ಘ, ಛ ಇರುವ ಪದಗಳ ಒಳಗಿನ ಅತಿ ಕಿರಿದಾದ ಸಂದನ್ನು ಅಳೆದು ನೋಡಿ. ‘ಅಧಿಕ’ ಎಂಬುದು ‘ಅದಿಕ’ ಆಗಿ ಸಾವಿರ ಪ್ಯಾನೆಲ್‌ಗಳ ಮೇಲೆ ಬಂದರೆ ಅದು ಅಳಿಸಲಾಗದ ತಪ್ಪು.

ಇದಕ್ಕೊಂದು ಸುಲಭದ ಉಪಾಯವೂ ಇದೆ: ಹೊಲದಲ್ಲಿ ಜನ ಆಡುವ ಮಾತನ್ನೇ ಬರೆಯುವುದು. ‘ಅಧಿಕ ವಿದ್ಯುತ್ ಪ್ರವಾಹ’ ಎನ್ನುವ ಬದಲು ‘ಲೋಡ್ ಹೆಚ್ಚು’, ‘ಶುಷ್ಕ ಚಾಲನೆ’ಯ ಬದಲು ‘ನೀರಿಲ್ಲ’. ಜಾಗವೂ ಉಳಿಯಿತು, ಒತ್ತಕ್ಷರವೂ ಕಡಿಮೆಯಾಯಿತು, ಓದುವವರಿಗೂ ಅರ್ಥವಾಯಿತು.

ಫಾಂಟಿನ ವಿಷಯಕ್ಕೆ ಬಂದರೆ, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಸಂಯೋಜಿಸಿದ ಬರಹವನ್ನು ಹಾಗೇ ಕಳಿಸಬಾರದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್ ಆದರೂ ಪೂರ್ತಿ ನಿಶ್ಚಿಂತೆ ಇಲ್ಲ. ಮುದ್ರಕರ ಬಳಿಯ ಹಳೆಯ ಕೋರೆಲ್‌ಡ್ರಾದಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಅರ್ಕಾವತ್ತು ಅಕ್ಷರದ ಬಲಕ್ಕೆ ಹೋಗುವ ಬದಲು ಅರ್ಧ ರಕಾರವಾಗಿ ಎಡಕ್ಕೇ ಉಳಿಯುತ್ತದೆ. ಇಲಸ್ಟ್ರೇಟರಿನಲ್ಲಿ ಪ್ಯಾರಾಗ್ರಾಫ್ ಆಯ್ಕೆಗಳಿಗೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರನ್ನು ಆರಿಸದಿದ್ದರೆ ಅಲ್ಲೂ ಇದೇ ಪಾಡು. ಉಚಿತ ತಂತ್ರಾಂಶ ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ. ಸಣ್ಣ ತಯಾರಕರಿಗೆ ಅದೇ ಸಾಕು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಇವು ಮುಕ್ತ ಪರವಾನಗಿಯ ಫಾಂಟುಗಳು. ಉತ್ಪನ್ನದ ಮೇಲೆ ಬಳಸಲು ಅಡ್ಡಿಯಿಲ್ಲ. ಅನೇಕ್ ಕುಟುಂಬದಲ್ಲಿ ದೇವನಾಗರಿ, ಲ್ಯಾಟಿನ್ ಅಕ್ಷರಗಳೂ ಒಂದೇ ಮೈಕಟ್ಟಿನಲ್ಲಿ ಇರುವುದರಿಂದ ಮೂರು ಭಾಷೆಯ ಪ್ಯಾನೆಲ್ಲಿಗೆ ನಾನು ಮೊದಲು ಅದರತ್ತ ನೋಡುತ್ತೇನೆ. ಅಗಲವನ್ನು ಕುಗ್ಗಿಸಿದ ರೂಪಗಳೂ ಅದರಲ್ಲಿವೆ; ಬಟನ್ನಿನ ಕೆಳಗಿನ ಇಕ್ಕಟ್ಟಿನಲ್ಲಿ ಅದು ದೊಡ್ಡ ಉಪಕಾರ. ಅಕ್ಷರವನ್ನು ಮೌಸಿನಿಂದ ಹಿಡಿದೆಳೆದು ಸಪೂರ ಮಾಡುವ ಕೆಲಸ ಮಾತ್ರ ಬೇಡ, ನಿಂತ ಗೆರೆಗಳೆಲ್ಲ ತೆಳುವಾಗಿ ಬಿಡುತ್ತವೆ.

ಬರಹ ಸಿದ್ಧವಾದ ಮೇಲೆ ದೆಹಲಿಯ ಯಾವ ಮುದ್ರಕರೂ ಹೇಳುವ ಮೊದಲ ಮಾತು ‘ಕರ್ವ್ ಕರ್‌ಕೇ ಭೇಜೋ’. ಅಕ್ಷರವನ್ನು ಫಾಂಟಿನಿಂದ ಬಿಡಿಸಿ ಬರೀ ಗೆರೆಗಳ ಆಕೃತಿಯಾಗಿ ಮಾಡಿ ಕಳಿಸಿ ಎಂದರ್ಥ. ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ, ಇಲಸ್ಟ್ರೇಟರಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಓ, ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಸಿ. ಕರ್ವ್ ಮಾಡಿದ ಬರಹವನ್ನು ಮತ್ತೆ ತಿದ್ದಲಾಗದು; ಆದ್ದರಿಂದ ತಿದ್ದುವ ಪ್ರತಿ ಬೇರೆ, ಕಳಿಸುವ ಪ್ರತಿ ಬೇರೆ.

ಕನ್ನಡದಲ್ಲಿ ಕರ್ವ್ ಮಾಡಿದ ಮೇಲೆ ಇನ್ನೊಂದು ಹೆಜ್ಜೆ ಇದೆ, ಇಂಗ್ಲಿಷಿನಲ್ಲಿ ಅದರ ಅಗತ್ಯ ಅಪರೂಪ. ಎಷ್ಟೋ ಫಾಂಟುಗಳಲ್ಲಿ ಮೂಲ ಅಕ್ಷರ, ಗುಣಿತದ ಕೊಂಬು, ಒತ್ತು ಬೇರೆಬೇರೆ ಆಕೃತಿಗಳಾಗಿದ್ದು ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ಮುದ್ರಕರು ಎಲ್ಲವನ್ನೂ ಆಯ್ದು ಒಂದುಗೂಡಿಸಿದಾಗ ಹಾಯ್ದ ಜಾಗವೆಲ್ಲ ಬಿಳಿ ತೂತಾಗಿ ಕಾಣುತ್ತದೆ. ‘ಮೋಟಾರ್’ ಎಂಬಲ್ಲಿ ಮೋ ಅಕ್ಷರದ ಕೊಂಬು ಅಕ್ಷರಕ್ಕೆ ಸೇರುವ ಕಡೆ ಒಂದು ಬಿಳಿ ಕಚ್ಚು. ದೂರದಿಂದ ನೋಡಿದರೆ ಧೂಳಿನ ಕಣ ಎನಿಸುವಷ್ಟು ಚಿಕ್ಕದು, ಕನ್ನಡ ಓದಲಾರದವರಿಗೆ ಅಕ್ಷರದ ಸೊಗಸೇ ಇರಬೇಕು ಎನಿಸುವಂಥದ್ದು. ಕರ್ವ್ ಆದ ತಕ್ಷಣ ಕೋರೆಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪಿನಲ್ಲಿ ಯೂನಿಯನ್ ಮಾಡಿಬಿಟ್ಟರೆ ಪ್ರತಿ ಪದವೂ ಒಂದೇ ಆಕೃತಿಯಾಗಿ ಗಟ್ಟಿಯಾಗುತ್ತದೆ.

ಇನ್ನು ಕನ್ನಡಿ ಬಿಂಬದ ಅಪಾಯ. ಹಿಂಬದಿ ಮುದ್ರಣಕ್ಕೆ ಪಾಸಿಟಿವ್ ಉಲ್ಟಾ ಇರಬೇಕು, ನಿಜ. ಆ ಉಲ್ಟಾ ಮಾಡುವ ಕೆಲಸ ಮುದ್ರಕರದ್ದು. ನೀವೂ ಉಲ್ಟಾ ಮಾಡಿ ಕಳಿಸಿ, ಅವರೂ ಉಲ್ಟಾ ಮಾಡಿದರೆ ಕೆಟ್ಟಿತು. ಇಂಗ್ಲಿಷ್ ಉಲ್ಟಾ ಆಗಿದ್ದರೆ ಯಾರಾದರೂ ಕೂಗುತ್ತಾರೆ. ಬರೀ ಕನ್ನಡವಿರುವ ಪ್ಯಾನೆಲ್ ತಿರುಗುಮುರುಗಾದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಪೆಟ್ಟಿಗೆ ಹುಬ್ಬಳ್ಳಿಗೆ ಹೋಗಿ ಬಿಚ್ಚಿದಾಗಲೇ ಗೊತ್ತಾಗುವುದು. ಅದಕ್ಕೇ ಕಟ್ಟಿಂಗ್ ಗೆರೆಯ ಹೊರಗೆ, ಪ್ರತಿ ಬಣ್ಣದ ಲೇಯರಿನಲ್ಲೂ, ‘FRONT VIEW’ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು, ಮೇಲ್ಬದಿಗೆ ಒಂದು ಬಾಣ ಹಾಕಿ. ಈ ಒಂದು ಅಭ್ಯಾಸ ಎಷ್ಟೋ ಹಾಳೆಗಳನ್ನು ಉಳಿಸುತ್ತದೆ.

ಕಡಿಮೆ ಸಂಖ್ಯೆಯಲ್ಲಿ ಹಲವು ಭಾಷೆ ಬೇಕಾದವರು ಬೇರೆ ದಾರಿ ಹಿಡಿಯಬಹುದು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರವನ್ನು ನೆನಪಿಸಿಕೊಳ್ಳಿ. 1982ರಲ್ಲಿ ಕೇರಳದ ಪರೂರಿನಲ್ಲಿ ಮೊದಲು ಬಳಕೆಗೆ ಬಂದ ಈ ಯಂತ್ರದ ನೀಲಿ ಬಟನ್ನು, ಕೆಂಪು ದೀಪ ದೇಶದಲ್ಲೆಲ್ಲ ಒಂದೇ. ಹದಿನಾರು ಸಾಲುಗಳ ಪಕ್ಕದಲ್ಲಿ ಕೂರುವ ಹೆಸರುಗಳ ಮತಪತ್ರ ಮಾತ್ರ ಆಯಾ ಕ್ಷೇತ್ರದ ಭಾಷೆಯಲ್ಲಿ ಮುದ್ರಣವಾಗಿ ಪಾರದರ್ಶಕ ಮುಚ್ಚಳದ ಕೆಳಗೆ ಸೇರುತ್ತದೆ. ಸ್ಟಿಕರಿನಲ್ಲೂ ಇದನ್ನು ಮಾಡಬಹುದು. ಬಟನ್ನುಗಳ ಪಕ್ಕದಲ್ಲಿ ಸ್ವಚ್ಛ ಕಿಟಕಿ ಬಿಟ್ಟು, ಅದರ ಹಿಂದೆ ಅಂಟಿಲ್ಲದ ಜೇಬು ಮಾಡಿಸಿ, ಒಂದು ಬದಿಯಿಂದ ಭಾಷೆಯ ಪಟ್ಟಿಯನ್ನು ಒಳಗೆ ತೂರಿಸುವುದು. ಪಟ್ಟಿ ಜೇಬಿಗಿಂತ 1 ಮಿ.ಮೀ. ಚಿಕ್ಕದಿರಲಿ. ಕನ್ನಡ, ಮರಾಠಿ, ತೆಲುಗು ಪಟ್ಟಿಗಳನ್ನು ಪಾಲಿಯೆಸ್ಟರ್ ಹಾಳೆಯ ಮೇಲೆ ಲೇಸರ್ ಪ್ರಿಂಟರಿನಲ್ಲಿ ನೀವೇ ತೆಗೆದುಕೊಳ್ಳಬಹುದು. ನೀರು ಬೀಳುವ ಕಡೆಗೆ ಮಾತ್ರ ಇದು ಬೇಡ.

ಬಣ್ಣ, ಬಿಳುಪು, ಗುರುತು

ಬಣ್ಣವನ್ನು ‘ತಿಳಿ ನೀಲಿ’ ಎಂದು ಬರೆದರೆ ಮುದ್ರಕರು ತಮ್ಮ ಡಬ್ಬಿಯಲ್ಲಿರುವ ತಿಳಿ ನೀಲಿಯನ್ನು ಹಾಕುತ್ತಾರೆ. ಪ್ಯಾಂಟೋನ್ ಸಂಖ್ಯೆ ಕೊಡಿ. ಪೆಟ್ಟಿಗೆಯ ಪೌಡರ್ ಕೋಟಿಂಗಿಗೆ ಹೊಂದಬೇಕಾದರೆ ಆರ್‌ಎಎಲ್ ಸಂಖ್ಯೆ ಕೊಡಿ; ಕಂಟ್ರೋಲ್ ಪ್ಯಾನೆಲ್‌ಗಳ ತಿಳಿ ಬೂದು ಸಾಮಾನ್ಯವಾಗಿ ಆರ್‌ಎಎಲ್ 7035 ಅಥವಾ 7032. ಲೇಪನ ಮಾಡಿದ ತಗಡಿನ ಒಂದು ತುಂಡನ್ನೇ ಕೊರಿಯರ್ ಮಾಡಿದರೆ ಇನ್ನೂ ಉತ್ತಮ. ಇಂಕ್‌ಸ್ಕೇಪ್ ಬಳಸುವವರು ಪರದೆಯ ಬಣ್ಣಕ್ಕೆ ಅಂಟಿಕೊಳ್ಳದೆ, ಚಿತ್ರದ ಹೊರಗೆ ಬಣ್ಣದ ಚೌಕ ಮಾಡಿ ಪಕ್ಕದಲ್ಲಿ ಸಂಖ್ಯೆ ಬರೆದಿಡಲಿ.

ಪಾರದರ್ಶಕ ಹಾಳೆಯಲ್ಲಿ ಬಿಳಿಯೂ ಒಂದು ಶಾಯಿ. ಫೈಲಿನಲ್ಲಿ ಬಿಳಿ ಅಂದರೆ ಏನೂ ಇಲ್ಲ ಎಂದು ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಮುದ್ರಣದಲ್ಲಿ ಅಲ್ಲಿ ತಗಡು ಕಾಣುತ್ತದೆ. ಬಿಳಿಗೆ ಪ್ರತ್ಯೇಕ ಲೇಯರ್ ಮಾಡಿ, ಕಣ್ಣಿಗೆ ಕಾಣುವಂತೆ ಬೇರೆ ಬಣ್ಣ ಕೊಟ್ಟು, ಹೆಸರಿಡಿ. ಎಲ್‌ಇಡಿ ಬೆಳಕು ಪಕ್ಕದ ಅಕ್ಷರದೊಳಗಿಂದ ಸೋರದಂತೆ ಬಿಳಿಯ ಹಿಂದೆ ಕಪ್ಪಿನ ಪದರ ಬೇಕಾದರೆ ಅದನ್ನೂ ಹೇಳಿ. ಎರಡು ಬಣ್ಣ ಸೇರುವ ಕಡೆ ಒಂದರ ಮೇಲೊಂದು 0.2 ಮಿ.ಮೀ. ಹಾಯ್ದಿರಲಿ.

ಆರ್, ವೈ, ಬಿ ದೀಪಗಳ ಪಕ್ಕದಲ್ಲಿ ಅಕ್ಷರವನ್ನೂ ಮುದ್ರಿಸಿ. ಬಣ್ಣ ಗುರುತಿಸಲಾಗದವರು ಎಲ್ಲ ಊರಲ್ಲೂ ಇದ್ದಾರೆ. ಪವರ್ ಬಟನ್ನಿಗೆ ಚಿಹ್ನೆ ಹಾಕುವಾಗ ಎಚ್ಚರ. ನಿಂತ ಗೆರೆ ಆನ್, ವೃತ್ತ ಆಫ್. ಬಾಯಿ ತೆರೆದ ವೃತ್ತದಲ್ಲಿ ಗೆರೆಯಿದ್ದರೆ ಐಇಸಿ 60417 ಪ್ರಕಾರ ಅದು ಸ್ಟ್ಯಾಂಡ್‌ಬೈ, ಅಂದರೆ ಒಳಗೆ ಕರೆಂಟ್ ಇದ್ದೇ ಇದೆ. ಮೇನ್ ಕಡಿಯುವ ಸ್ವಿಚ್ಚಿಗೆ ಚೆಂದ ಕಾಣುತ್ತದೆಂದು ಇದನ್ನು ಹಾಕಿದರೆ, ಅಥವಾ ಸ್ಟ್ಯಾಂಡ್‌ಬೈ ಬಟನ್ನಿಗೆ ಬರೀ ವೃತ್ತ ಹಾಕಿದರೆ, ನಂಬಿ ಮುಚ್ಚಳ ಬಿಚ್ಚಿದವರ ಜೀವಕ್ಕೇ ಅಪಾಯ. ಬಿಐಎಸ್ ನೋಂದಣಿ ಗುರುತು, ವೋಲ್ಟೇಜ್, ಸೀರಿಯಲ್ ನಂಬರ್ ಇತ್ಯಾದಿ ಹಿಂಬದಿಯ ರೇಟಿಂಗ್ ಪ್ಲೇಟಿಗೆ ಸೇರಿದ್ದು. ಸ್ಟಿಕರಿನ ಒಂದು ಮೂಲೆಯಲ್ಲಿ ಭಾಗದ ಸಂಖ್ಯೆ, ಪರಿಷ್ಕರಣೆಯ ಸಂಖ್ಯೆ ಚಿಕ್ಕದಾಗಿ ಇದ್ದರೆ ಮುಂದಿನ ಆರ್ಡರಿನಲ್ಲಿ ಹಳೆಯದು ಹೊಸದು ಕಲಸಿಹೋಗುವುದಿಲ್ಲ.

ಕಳಿಸುವ ಹೊತ್ತು

ಅಳತೆ ಬದಲಾಗುವ ಭೂತ ಫೈಲ್ ಕೈ ಬದಲಾಯಿಸುವಾಗ ಒಳಹೊಗುತ್ತದೆ. ಇಂಕ್‌ಸ್ಕೇಪಿನ 0.91 ಆವೃತ್ತಿಯವರೆಗೆ ಒಂದು ಇಂಚಿಗೆ 90 ಪಿಕ್ಸೆಲ್ ಲೆಕ್ಕವಿತ್ತು, 0.92ರಿಂದ 96. ಹಳೆಯ ಫೈಲನ್ನು ಹೊಸದರಲ್ಲಿ ಹಾಗೇ ತೆರೆದರೆ ನಮ್ಮ 160 ಮಿ.ಮೀ. ಪ್ಯಾನೆಲ್ 150 ಆಗಿ ಕೂತಿರುತ್ತದೆ. ಡಿಎಕ್ಸ್‌ಎಫ್‌ನಲ್ಲಿ ಮಿ.ಮೀ. ಎಂದು ಬರೆದದ್ದನ್ನು ಇಂಚು ಎಂದು ಓದಿದರೆ 25.4 ಪಟ್ಟು ಹಿಗ್ಗುತ್ತದೆ. ಅದು ಎಲ್ಲರಿಗೂ ಕಾಣುವ ತಪ್ಪು. 150ರದ್ದೇ ಅಪಾಯ, ಕಣ್ಣಿಗೆ ಸರಿಯೆಂದೇ ತೋರುತ್ತದೆ. ಮದ್ದು ಸರಳ: ಚಿತ್ರದ ಹೊರಗೆ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಎಳೆದು ಅಳತೆ ಬರೆಯಿರಿ, ಪ್ಯಾನೆಲ್ಲಿನ ಹೊರ ಅಳತೆಯನ್ನೂ ಡ್ರಾಯಿಂಗಿನಂತೆ ಗುರುತಿಸಿ. ಯಾರು ಯಾವ ತಂತ್ರಾಂಶದಲ್ಲಿ ತೆರೆದರೂ ಆ ಗೆರೆ ಅಳೆದು ನೋಡಲಿ.

ಮುದ್ರಣಕ್ಕೆ ಪಿಡಿಎಫ್, ಕಟ್ಟಿಂಗಿಗೆ ಡಿಎಕ್ಸ್‌ಎಫ್, ಜೊತೆಗೆ ಹೇಗೆ ಕಾಣಬೇಕೆಂದು ತೋರಿಸುವ ಒಂದು ಚಿತ್ರ, ಈ ಮೂರನ್ನೂ ಒಟ್ಟಿಗೆ ಕಳಿಸಿ. ಸಿಡಿಆರ್ ಕೇಳಿದರೆ ಅವರ ಬಳಿ ಇರುವ ಆವೃತ್ತಿ ಯಾವುದೆಂದು ಕೇಳಿ ಆ ಮಟ್ಟಕ್ಕೆ ಉಳಿಸಿ. ಫೋಟೋದಿಂದ ತೆಗೆದ ಲೋಗೋ ಇದ್ದರೆ ಅದನ್ನು ಗೆರೆಗಳಲ್ಲಿ ಮತ್ತೆ ಬರೆಸಿ. ಜೆಪೆಗ್ ಅಂಚು ಮುದ್ರಣದಲ್ಲಿ ಗರಗಸದ ಹಲ್ಲಾಗುತ್ತದೆ. ಆರ್ಡರಿನಲ್ಲಿ ಹಾಳೆ, ದಪ್ಪ, ಮ್ಯಾಟ್ ಅಥವಾ ಹೊಳಪು, ಬಣ್ಣದ ಸಂಖ್ಯೆ, ಅಂಟಿನ ಹೆಸರು, ತುಂಡುಗಳ ಲೆಕ್ಕ ಬರೆಯಿರಿ. ಅಂಟಿನ ಬಗ್ಗೆ ಒಂದು ಮಾತು: ನಯವಾದ ಲೋಹಕ್ಕೆ 3ಎಂ ಕಂಪನಿಯ 467ಎಂಪಿ, ಸ್ವಲ್ಪ ಒರಟಾದ ಮೇಲ್ಮೈಗೆ ಅದಕ್ಕಿಂತ ದಪ್ಪನೆಯ 468ಎಂಪಿ ಚೆನ್ನಾಗಿ ಹಿಡಿಯುತ್ತವೆ. ಪೌಡರ್ ಕೋಟಿಂಗ್, ಪಾಲಿಪ್ರೊಪಿಲೀನ್ ಪೆಟ್ಟಿಗೆಗಳಿಗೆ 300ಎಲ್‌ಎಸ್‌ಇ ಬಗೆಯದ್ದನ್ನೇ ಕೇಳಬೇಕು.

ಕಳಿಸುವ ಮುನ್ನ ಸಾದಾ ಕಾಗದದ ಮೇಲೆ ಮುದ್ರಿಸಿ. ಪ್ರಿಂಟ್ ಕೊಡುವಾಗ ‘ಆಕ್ಚುಯಲ್ ಸೈಜ್’ ಆರಿಸಿ; ‘ಫಿಟ್’ ಎಂದಿದ್ದರೆ ಕಂಪ್ಯೂಟರ್ ತಾನೇ ಕುಗ್ಗಿಸುತ್ತದೆ. ಕತ್ತರಿಸಿ, ತೂತು ಮಾಡಿ, ನಿಜವಾದ ಪೆಟ್ಟಿಗೆಯ ಮೇಲಿಟ್ಟು ನಟ್ಟು, ನಾಬ್ ಹಾಕಿ ನೋಡಿ. ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚಿನಲ್ಲಿ, ಒಂದು ತೋಳಿನ ದೂರದಿಂದ ಓದಿ. ನೀವೊಬ್ಬರೇ ಓದಿದರೆ ಸಾಲದು. ವಿನ್ಯಾಸವನ್ನು ಮೊದಲು ನೋಡಿರದ ಕನ್ನಡಿಗರೊಬ್ಬರಿಂದ ಜೋರಾಗಿ ಓದಿಸಿ. ಮುದ್ರಕರು ಒಪ್ಪಿಗೆಗೆ ಪ್ರೂಫ್ ಕಳಿಸಿದಾಗ ಅದನ್ನು ನಿಮ್ಮ ಫೈಲಿನ ಮೇಲೆ ಅರೆಪಾರದರ್ಶಕ ಮಾಡಿ ಕೂರಿಸಿದರೆ, ಒಂದು ಒತ್ತು ಸರಿದಿದ್ದರೂ ಎರಡೆರಡಾಗಿ ಕಾಣುತ್ತದೆ. ಡೈ ಹೊಡೆಯುವ ಮುನ್ನ ಒಂದು ತುಂಡನ್ನು ಲೇಸರಿನಲ್ಲೋ ಪ್ಲಾಟರಿನಲ್ಲೋ ಕತ್ತರಿಸಿ ಕಳಿಸಲು ಕೇಳಿ, ಅದಕ್ಕೆ ಪ್ರತ್ಯೇಕ ದುಡ್ಡು ಕೊಡಬೇಕಾದರೂ ಸರಿ.

ಹಾಳೆಗಳು ಬಂದ ಮೇಲೆ ಪೆಟ್ಟಿಗೆಯ ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಒಂದು ಅಂಚಿನಿಂದ ಶುರುಮಾಡಿ ಗಾಳಿ ಉಳಿಯದಂತೆ ಒತ್ತುತ್ತ ಅಂಟಿಸಬೇಕು. ಇಂಥ ಅಂಟುಗಳನ್ನು 10 ಡಿಗ್ರಿಗಿಂತ ಕೆಳಗಿನ ತಾಪದಲ್ಲಿ ಬಳಸಬಾರದು. ಜನವರಿಯ ಬೆಳಗಿನಲ್ಲಿ ಪೀತಮ್‌ಪುರದ ಶೆಡ್ಡುಗಳಲ್ಲಿ ತಗಡು ಅದಕ್ಕಿಂತ ತಣ್ಣಗಿರುತ್ತದೆ. ಹೀಟರ್ ಇರುವ ಕೋಣೆಯಲ್ಲಿ ಪೆಟ್ಟಿಗೆಗಳನ್ನು ಬೆಚ್ಚಗಾಗಲು ಬಿಟ್ಟು ಮಧ್ಯಾಹ್ನ ಕೆಲಸ ಹಿಡಿಯುವುದು ಮೇಲು. ಅಂಟು ಪೂರ್ತಿ ಬಿಗಿಯಾಗಲು 72 ಗಂಟೆ ಬೇಕು. ಅಷ್ಟು ಹೊತ್ತು ಕಳೆದ ಮೇಲೆಯೇ ಪೆಟ್ಟಿಗೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ಲಾರಿಗೆ ಹಾಕಿ.